ಹಲ್ಲಿನ ವಿಭಾಗದ ಎದುರಿನ ಬೆಂಚು

ಆಗಸ್ಟ್ 3

ಅತ್ತಿಗೆ,

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಐದನೇ ಕ್ಲಾಸಿಗೇ ಹಾಸ್ಟೆಲ್ ಸೇರಿ, ರಜೆಗೆ ಮಾತ್ರ ನೆಂಟಳ ಹಾಗೆ ಬಂದು ಹೋಗುವವಳು ನಾನು. ನಿಮ್ಮ ಮನೆಯ ಒಳಗಿನ ಮಾತು ಎತ್ತುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಬರೆದು ಹರಿದು, ಬರೆದು ಹರಿದು ರೂಮಿನ ಕಸದ ಬುಟ್ಟಿ ತುಂಬಿದೆ. ಕನ್ನಡದ ಮಧ್ಯೆ ಇಂಗ್ಲಿಷ್ ನುಗ್ಗಿದರೆ ಅದಕ್ಕೂ ಕ್ಷಮಿಸಿ. ಟೆನ್ಶನ್ ಆದಾಗ ನನಗೆ ಎರಡು ಭಾಷೆಯೂ ಅರ್ಧರ್ಧವೇ ಬರುವುದು.

ಫೋನ್ ಮಾಡೋಣವೆಂದರೆ ಮೊದಲ ವರ್ಷದವರ ಫೋನ್ ಎಲ್ಲಾ ವಾರ್ಡನ್ ಬೀರುವಿನಲ್ಲಿ. ಭಾನುವಾರ ಅರ್ಧ ಗಂಟೆ ಕೊಡುತ್ತಾರೆ. ಆಗ ಮಾಡಿದರೂ ನಿಮ್ಮ ಹಲ್ಲು ಕಟ್ಟುವ ಲ್ಯಾಬಿಗೂ ಮನೆಗೂ ಇರುವ ಒಂದೇ ಫೋನ್ ಅಣ್ಣನ ಜೇಬಿನಲ್ಲಿ. ಮನೆಗೆ ಬರೆದರೆ ಟಪಾಲು ಒಡೆಯುವವನೂ ಅವನೇ. ಅದಕ್ಕೇ ಇದನ್ನು ನೀವು ಹಲ್ಲಿನ ಸೆಟ್ ತಲುಪಿಸುವ ಕ್ಲಿನಿಕ್ಕಿನ ರಿಸೆಪ್ಶನ್ ಅಕ್ಕನ ಹೆಸರಿಗೆ ಕಳಿಸುತ್ತಿದ್ದೇನೆ.

ಕಳೆದ ಭಾನುವಾರ ಅಣ್ಣ ಫೋನಿನಲ್ಲಿ ಒಂದೇ ಜೋಕನ್ನು ಎರಡು ಸಲ ಹೇಳಿದ. ಎರಡನೇ ಸಲವೂ ತಾನೇ ಮೊದಲು ನಕ್ಕ. ಆಮೇಲೆ, "ಗುಂಡುಸೂಜೀ, ನೀನೀಗ ಏನು ಓದ್ತಿರೋದು?" ಎಂದು ಕೇಳಿದ. ನನ್ನ ಟ್ರಂಕು ಹೊತ್ತು ತಂದು ಈ ಫಾರ್ಮಸಿ ಕಾಲೇಜಿನ ಗೇಟಿನೊಳಗೆ ಇಟ್ಟು ಹೋದವನು ಅವನೇ ತಾನೇ?

ರಜೆಯಲ್ಲಿ ಬಂದಾಗ ಇನ್ನೊಂದು ನೋಡಿದ್ದೆ. ಟೀ ಲೋಟವನ್ನು ಮೇಜಿನ ಮೇಲೇ ಬಿಟ್ಟು, ಬಗ್ಗಿ, ಬಾಯನ್ನೇ ಲೋಟದ ಹತ್ತಿರ ಒಯ್ದು ಕುಡಿದ. ಯಾಕೆ ಅಂದರೆ "ಬಿಸಿ ಇದೆ ಕಣೇ" ಅಂದ. ಲೋಟ ನಾನು ಮುಟ್ಟಿದ್ದೆ ಅತ್ತಿಗೆ, ಟೀ ಆರಿಹೋಗಿತ್ತು.

ಅಣ್ಣ ಕುಡಿಯುತ್ತಿದ್ದಾನಾ? ಎಲ್ಲರ ಹಾಗೆ ಯಾವಾಗಲೋ ಒಮ್ಮೆ ಅಲ್ಲ, ತುಂಬಾ?

ನನ್ನ ರೂಮ್‌ಮೇಟ್ ತೂಕಡಿಕೆಯ (ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾಳೆಂದು ಆ ಹೆಸರು) ಅಪ್ಪನಿಗೂ ಹೀಗೇ ಆಗಿತ್ತು. ಮೊದಲು ಯಾರಿಗೂ ತಿಳಿಯಬಾರದೆಂದು ದೂರದ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ದೇವರಂಥ ಮನುಷ್ಯ. ವಾಪಸ್ ಬಂದು ಬಸ್ಸಿಳಿದವರು ಮನೆಗೆ ಬರುವ ಮೊದಲೇ ಹಳೇ ಅಂಗಡಿ ಹೊಕ್ಕರು. ಆಮೇಲೆ ತಮ್ಮ ಊರಿನ ಆಸ್ಪತ್ರೆಯಲ್ಲೇ ತೋರಿಸಿ, ಈಗ ಬಿಟ್ಟಿದ್ದಾರೆ. ತೂಕಡಿಕೆ ಹೇಳಿದಳು: "ದೂರದಲ್ಲಿ ಕುಡೀದೇ ಇರೋದು ಅಪ್ಪಂಗೆ ಸುಲಭ ಇತ್ತು. ನಮ್ಮ ಬೀದೀಲಿ ಕುಡೀದೇ ಇರೋದನ್ನ ಕಲೀಬೇಕಾಗಿತ್ತು."

ನಮ್ಮೂರಿನಲ್ಲಿ ಅಂಥದ್ದೇನಾದರೂ ಇದೆಯಾ ಎಂದು ನಾನು ವಿಚಾರಿಸಲಾ? ಬೈಯಬೇಕು ಅನ್ನಿಸಿದರೆ ಬೈದೇ ಬರೆಯಿರಿ.

ನಿಮ್ಮ ನಾದಿನಿ

*

ಆಗಸ್ಟ್ 9

ಪ್ರೀತಿಯ ಮರಿ,

ನಿನ್ನ ಕಾಗದ ಕೊಡುವಾಗ ರಿಸೆಪ್ಶನ್ನಿನವಳು ಕಣ್ಣು ಮಿಟುಕಿಸಿದಳು. ಈ ವಯಸ್ಸಿನಲ್ಲಿ ನನಗೆ ಪ್ರೇಮಪತ್ರ ಬಂದಿದೆ ಅಂದುಕೊಂಡಿರಬೇಕು. ಒಡೆದು ನೋಡಿದರೆ ಪೊಲೀಸ್ ವಿಚಾರಣೆ!

ನಿಮ್ಮಣ್ಣ ಚೆನ್ನಾಗಿದ್ದಾರೆ. ದುಡಿಯುವ ಗಂಡಸು ದಣಿದಾಗ ಒಂದಿಷ್ಟು ತೆಗೆದುಕೊಂಡರೆ ಆ ಕಡ್ಡಿಯನ್ನು ಗುಡ್ಡ ಮಾಡಬೇಡ. ಒಂದೇ ಜೋಕನ್ನು ಎರಡು ಸಲ ಹೇಳುವುದು ರೋಗವಾದರೆ ನಿಮ್ಮ ವಂಶದಲ್ಲಿ ಯಾರೂ ಆರೋಗ್ಯವಂತರಿಲ್ಲ.

ಕೆಲಸ ಕೈತುಂಬ ಇದೆ. ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗದಿಂದಲೂ ಕೇಸುಗಳು ಬರುತ್ತಿವೆ. ದವಡೆ ಸವೆದು ಹೋದ ಒಬ್ಬ ಮುದುಕಿಗೆ ಮೇಲಿನ ಸೆಟ್ ನಿಲ್ಲುತ್ತಲೇ ಇರಲಿಲ್ಲ. ಹೋದ ವಾರ ನಾವು ಕಳಿಸಿದ್ದನ್ನು ಹಾಕಿಕೊಂಡು ಆಕೆ ಅಲ್ಲೇ ಗಂಡನನ್ನು ಗದರಿದಳಂತೆ. ಅಲ್ಲಿನ ದೊಡ್ಡ ಡಾಕ್ಟರು ಹೇಳಿ ಕಳಿಸಿದರು, ಇಷ್ಟು ನಯವಾದ ಕೆಲಸ ನಿಮ್ಮ ಲ್ಯಾಬಿನಿಂದ ಈ ಮೊದಲು ಬಂದೇ ಇರಲಿಲ್ಲ ಎಂದು.

ಆದ್ದರಿಂದ ನೀನು ಯಾವ ಆಸ್ಪತ್ರೆಯಲ್ಲೂ ಏನೂ ವಿಚಾರಿಸಬೇಡ. ಊರು ಚಿಕ್ಕದು, ಬಾಯಿ ದೊಡ್ಡದು. ಹೊಟ್ಟೆ ತುಂಬ ಊಟ ಮಾಡು, ಇಂಟರ್ನಲ್ಸ್ ಚೆನ್ನಾಗಿ ಬರೆ.

ಒಂದು ಮಾತು. ಮೈಯೆಲ್ಲ ಬೆವರುವುದಕ್ಕೆ, ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಬರುವುದಕ್ಕೆ ನಿಮ್ಮ ಪುಸ್ತಕದಲ್ಲಿ ಏನಾದರೂ ಮಾತ್ರೆ ಇದೆಯಾ? ಪಕ್ಕದ ಮನೆಯವರು ಕೇಳುತ್ತಿದ್ದರು.

ನಿನ್ನ ಅತ್ತಿಗೆ

*

ಆಗಸ್ಟ್ 14

ಅತ್ತಿಗೇ!!

ನಾನೊಬ್ಬ ಪೆದ್ದಿ. ಕೈ ನಡುಗುವವನು ಮೇಣದಲ್ಲಿ ಹಲ್ಲು ಕೂರಿಸಲಾರ, ದೊಡ್ಡ ಡಾಕ್ಟರಿಂದ ಹೊಗಳಿಸಿಕೊಳ್ಳಲಾರ. ಇಷ್ಟು ಸಿಂಪಲ್ ಲಾಜಿಕ್ ನನಗೆ ಹೊಳೆಯಲಿಲ್ಲ. ನಿಮ್ಮ ಕಾಗದ ಓದಿ ಎಷ್ಟು ಹಗುರಾಯಿತೆಂದರೆ ಮೆಸ್ಸಿನ ಊಟವೂ ರುಚಿಸಿತು. ತೂಕಡಿಕೆ ನನ್ನನ್ನು ನೋಡಿ "ಏನೇ, ಎಕ್ಸಾಂ ಕ್ಯಾನ್ಸಲ್ಲಾ?" ಅಂದಳು.

ಆದರೆ ಅತ್ತಿಗೆ, ಲ್ಯಾಬಿನ ಒಂದು ಪಕ್ಕ ಬೀಗ ಜಡಿದ ಗೋದಾಮು, ಇನ್ನೊಂದು ಪಕ್ಕ ಖಾಲಿ ಸೈಟು. ಅದರ ಮೇಲಿನ ರೂಮುಗಳಲ್ಲಿ ನೀವಿಬ್ಬರೇ. ಪಕ್ಕದ ಮನೆಯವರು ಎಲ್ಲಿಂದ ಬಂದರು? ಬೆಳಗಿನ ವಾಂತಿ ಪಕ್ಕದ ಮನೆಯವರಿಗಾ, ನಿಮಗಾ? ಇಷ್ಟು ವರ್ಷ ಆದಮೇಲೆ... ನಾನು ಕೇಳುವುದಿಲ್ಲ, ಕೇಳುವುದಿಲ್ಲ. ನೀವೇ ಹೇಳುವವರೆಗೆ ಬಾಯಿಗೆ ಬೀಗ. ಆದರೆ ಮಾತ್ರೆ ಏನೂ ತೆಗೆದುಕೊಳ್ಳಬೇಡಿ, ಮೊದಲು ಲೇಡಿ ಡಾಕ್ಟರಿಗೆ ತೋರಿಸಿ. ಅಣ್ಣನಿಗೆ ಗೊತ್ತಾ? ಟೀ ಲೋಟ ಎತ್ತಲಾಗದಷ್ಟು ಖುಷಿಯಾಗಿರಬೇಕು ಅವನಿಗೆ!

ನೀವು ಬೇಡವೆನ್ನುವ ಮೊದಲೇ ನಾನೊಂದು ಕೆಲಸ ಮಾಡಿಬಿಟ್ಟಿದ್ದೆ, ಹೇಳಿಬಿಡುತ್ತೇನೆ. ನಮ್ಮ ಊರಿನ ದೊಡ್ಡಾಸ್ಪತ್ರೆಗೇ ಫೋನ್ ಮಾಡಿದ್ದೆ, ಹೆಸರು ಹೇಳದೆ. ಕುಡಿತ ಬಿಡಿಸುವ ವಿಭಾಗ ಅಲ್ಲೇ ಇದೆಯಂತೆ! ಸೋಮವಾರ, ಗುರುವಾರ ಡಾಕ್ಟರು ಇರುತ್ತಾರೆ. ಬೇಕಾದರೆ ಕೆಲವು ದಿನ ವಾರ್ಡಿನಲ್ಲಿ ಇಟ್ಟುಕೊಂಡು, ಆಮೇಲೆ ಮನೆಯಿಂದಲೇ ಬಂದು ಹೋಗಬಹುದು. ಮೂರನೇ ಮಹಡಿ, ಹಲ್ಲಿನ ವಿಭಾಗದ ಎದುರು. ಈಗ ಬೇಕಿಲ್ಲ ಬಿಡಿ. ಯಾರಿಗಾದರೂ ಬೇಕಾದೀತು ಎಂದು ಬರೆದೆ.

ಅತ್ತೆಯಾಗಲು ಸಿದ್ಧಳಾಗಿರುವ
ನಿಮ್ಮ ನಾದಿನಿ

*

ಆಗಸ್ಟ್ 24

ಮರಿ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎದ್ದು ಮಾಡಿದೆ. ನನಗೆ ವಿಶೇಷ ಏನೂ ಇಲ್ಲ. ವಾಂತಿ ನಿಮ್ಮಣ್ಣನಿಗೆ. ಆ ಮಾತನ್ನು ಇನ್ನೊಮ್ಮೆ ಎತ್ತಬೇಡ.

ಸೆಟ್‌ಗಳನ್ನು ಮಾಡುತ್ತಿರುವುದು ನಾನು.

ಬೇಸಿಗೆಯ ನಂತರ ಲ್ಯಾಬಿನಿಂದ ಹೊರಗೆ ಹೋದ ಒಂದು ಹಲ್ಲನ್ನೂ ನಿಮ್ಮಣ್ಣ ಮುಟ್ಟಿಲ್ಲ. ಮೊದಲು ಕೆಲಸ ಮುಗಿಸಿ ಕುಡಿಯುತ್ತಿದ್ದರು. ಆಮೇಲೆ ಕೆಲಸ ಶುರು ಮಾಡಲು ಕುಡಿಯಬೇಕಾಯಿತು. ಗಂಟಲಿಗೆ ಒಂದಿಷ್ಟು ಬಿದ್ದರೆ ಕೈ ನಿಲ್ಲುತ್ತಿತ್ತು. ಕೊನೆಗೆ ಕುಡಿದರೂ ಕೈ ನಿಲ್ಲಲಿಲ್ಲ. ಪ್ಲಾಸ್ಟರ್ ಕಲಸುವುದು, ಅಚ್ಚು ತೆಗೆಯುವುದು, ಪಾಲಿಶ್ ಮಾಡುವುದು ಮದುವೆಯಾದಾಗಿನಿಂದ ನನ್ನ ಕೆಲಸವೇ. ಉಳಿದದ್ದು ಮೇಣದಲ್ಲಿ ಹಲ್ಲು ಕೂರಿಸುವುದು. ಅವರ ಪಕ್ಕದಲ್ಲಿ ಇಷ್ಟು ವರ್ಷ ಕೂತು ನೋಡಿದ್ದೇನಲ್ಲ, ಕೂರಿಸಿದೆ. ಡಾಕ್ಟರುಗಳಿಗೆ ಗೊತ್ತಿಲ್ಲ. ಗೊತ್ತಾದರೆ, ಡಿಪ್ಲೊಮಾ ಇರುವವನು ಕುಡಿಯುತ್ತಾನೆ, ಇಲ್ಲದವಳು ಹಲ್ಲು ಕಟ್ಟುತ್ತಾಳೆ ಎಂದು ಮಾರನೇ ದಿನವೇ ಕೇಸು ನಿಲ್ಲಿಸುತ್ತಾರೆ.

ನೀನು ಹೇಳುವ ರೂಮು ನನಗೆ ಗೊತ್ತಿದೆ. ವಾರ ವಾರ ಅದರ ಮುಂದೆಯೇ ಸೆಟ್‌ಗಳ ಡಬ್ಬ ಹಿಡಿದು ಹೋಗುತ್ತೇನೆ. ರೋಗಿಗಳು ಕೂರುವ ಬೆಂಚು ಹಲ್ಲಿನ ವಿಭಾಗದ ಬಾಗಿಲಿಗೇ ಮುಖ ಮಾಡಿದೆ. ಅಲ್ಲಿ ಕೂತರೆ ದೊಡ್ಡ ಡಾಕ್ಟರಿಗೆ ನಮಸ್ಕಾರ ಹೊಡೆದೇ ಒಳಗೆ ಹೋಗಬೇಕು. ಅದಾಗದು.

ಹೆದರಬೇಡ, ನಾನೇ ದಾರಿ ಕಂಡುಕೊಂಡಿದ್ದೇನೆ. ಬಾಟಲಿ ಈಗ ನನ್ನ ಬೀರುವಿನಲ್ಲಿದೆ. ಪ್ಲಾಸ್ಟರಿಗೆ ನೀರು ಅಳೆಯುವ ಗೆರೆ ಹಾಕಿದ ಗಾಜಿನ ಅಳತೆ ಲೋಟ ಇದೆಯಲ್ಲ, ಅದರಲ್ಲಿ ಅಳೆದು ಕೊಡುತ್ತೇನೆ. ವಾರಕ್ಕೊಂದು ಗೆರೆ ಕಮ್ಮಿ. ಪ್ಲಾಸ್ಟರಿಗೆ ನೀರು ಒಂದು ತೊಟ್ಟು ಹೆಚ್ಚಾದರೂ ಅಚ್ಚು ಕೆಡುತ್ತದೆ, ಆ ಲೆಕ್ಕದಲ್ಲೇ ಹಿಡಿದಿದ್ದೇನೆ. ನಿಮ್ಮಣ್ಣ ಮೊದಮೊದಲು "ನರ್ಸಮ್ಮಾ, ನನ್ನ ಡೋಸು" ಎಂದು ಅಣಕಿಸುತ್ತಿದ್ದರು. ಈಗ ಕೇಳುವುದೂ ಇಲ್ಲ. ನಾನು ಡಬ್ಬ ಕೊಡಲು ಹೋದರೆ ಲ್ಯಾಬಿನಲ್ಲಿ ತಮ್ಮ ಪಾಡಿಗೆ ಕೂತಿರುತ್ತಾರೆ. ಕೆಲಸದ ಮೇಲೆ ಮತ್ತೆ ಮನಸ್ಸು ಬಂದಿರಬೇಕು. ಮೇಜಿನ ಬೆಳಕು ಸಾಲದು, ಎಲ್ಲ ಮಂಜು ಮಂಜು ಎಂದು ಗೊಣಗಿದರು, ಬಲ್ಬ್ ಬದಲಾಯಿಸಿದೆ. ಅದೂ ಮಂದವಂತೆ, ಮತ್ತೊಂದು ತಂದೆ.

ಲ್ಯಾಬಿನ ತೊಂದರೆ ಎಂದರೆ ಇದೊಂದೇ, ಮೇಣ ಕಾಯಿಸುವ ದೀಪದ ಸ್ಪಿರಿಟ್ ಈಗೀಗ ಬೇಗ ಮುಗಿಯುತ್ತಿದೆ. ಕ್ಯಾನಿನ ಮುಚ್ಚಳ ಸಡಿಲವಾಗಿ ಆವಿಯಾಗುತ್ತಿದೆಯೋ ಏನೋ.

ಗೆರೆಗಳು ಮುಗಿದ ಮೇಲೆ ಅವರನ್ನು ಸ್ವಲ್ಪ ಕಾಲ ದೂರದ ಕೇಂದ್ರಕ್ಕೆ ಕಳಿಸೋಣ ಎಂದಿದ್ದೇನೆ. ಎರಡು ರೈಲು ಬದಲಾಯಿಸಿ ಹೋಗುವಷ್ಟು ದೂರ, ಅಲ್ಲಿ ನಮ್ಮವರು ಯಾರೂ ಇಲ್ಲ. ಆ ಕೇಂದ್ರದವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಂತೆ. ನೀನು ಬರೆದುಕೊಡು. ಮತ್ತೆ ಈ ಕಾಗದದ ಒಂದು ಅಕ್ಷರವೂ ನಿಮ್ಮಣ್ಣನ ಕಿವಿಗೆ ಬೀಳಬಾರದು. ನನ್ನ ಮೇಲಾಣೆ.

ಅತ್ತಿಗೆ

*

ಆಗಸ್ಟ್ 28, ಗುರುವಾರ

ಅತ್ತಿಗೆ,

ವಾರ್ಡನ್ ರೂಮಿನ ಹೊರಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇದು ನಿಮಗೆ ತಲುಪುವ ಹೊತ್ತಿಗೆ ಎಲ್ಲ ಏನಾಗಿರುತ್ತದೋ. ಒಳಗೆ ಫೋನ್ ಯಾವಾಗ ಹೊಡೆದುಕೊಳ್ಳುತ್ತದೆ ಎಂದು ಕಿವಿ ಅಲ್ಲೇ ಇದೆ. ಸುಮ್ಮನೆ ಕೂತರೆ ಅಳು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಆಣೆ ಮುರಿದೆ.

ಕಾಗದ ಇವತ್ತು ಬೆಳಿಗ್ಗೆ ಬಂತು. ಕ್ಲಾಸಿಗೆ ಹೋಗುತ್ತಾ ಓದುತ್ತಿದ್ದೆ. ಸ್ಪಿರಿಟ್ ಎನ್ನುವ ಸಾಲಿಗೆ ಬಂದಾಗ ನಿಂತೆ. ಹಿಂದಕ್ಕೆ ಹೋಗಿ ಬಲ್ಬಿನ ಸಾಲು ಓದಿದೆ. ಆಮೇಲೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ, ಹಿಂದಿನಿಂದ ಬಂದವಳೊಬ್ಬಳು ಢಿಕ್ಕಿ ಹೊಡೆದಳು. ಅತ್ತಿಗೆ, ದೀಪದ ಸ್ಪಿರಿಟ್ಟಿಗೆ ಯಾರೂ ಕುಡಿಯಬಾರದೆಂದು ವಿಷ ಬೆರೆಸಿರುತ್ತಾರೆ. ಅದು ಮೊದಲು ಹಿಡಿಯುವುದು ಕಣ್ಣನ್ನು. ಮಂಜು ಮಂಜು ಕಾಣುವುದು ಬಲ್ಬಿನ ತಪ್ಪಲ್ಲ.

ವಾರ್ಡನ್ ಹತ್ತಿರ "ಫ್ಯಾಮಿಲಿ ಎಮರ್ಜೆನ್ಸಿ" ಎಂದು ಕಿರುಚಿ ಫೋನ್ ತೆಗೆದುಕೊಂಡೆ. ನೀವೇ ಎತ್ತಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅಣ್ಣ ಎತ್ತಿದ.

"ಏನೇ ಗುಂಡುಸೂಜಿ, ವಾರದ ಮಧ್ಯೆ? ಕಾಲೇಜಿಂದ ಓಡಿಸಿದ್ರಾ?"

"ಅತ್ತಿಗೆ ಎಲ್ಲಿ?"

"ಡಬ್ಬ ಕೊಡೋಕೆ ಹೋಗಿದಾಳೆ. ನಂಗೆ ಹೇಳು."

ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ ಅತ್ತಿಗೆ. ನೇರವಾಗಿ ಕೇಳಿಬಿಟ್ಟೆ: "ಅಣ್ಣಾ, ದೀಪದ ಸ್ಪಿರಿಟ್ ಕುಡೀತಿದ್ದೀಯಾ?"

ಪಾಲಿಶ್ ಮೋಟಾರಿನ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಅವಳಿಗೂ ಗೊತ್ತಾ?"

"ಅವರಿಗೆ ಗೊತ್ತಿಲ್ಲ. ಮುಚ್ಚಳ ಸಡಿಲ ಅಂದ್ಕೊಂಡಿದಾರೆ. ಕಣ್ಣು ಹೋಗುತ್ತೆ ಅಣ್ಣಾ. ನಿಜವಾಗ್ಲೂ ಹೋಗುತ್ತೆ. ಜೀವಾನೂ ಹೋಗುತ್ತೆ. ಈಗ ನನ್ನ ದನಿ ಕೇಳ್ತಿದೆಯಲ್ಲ, ಗೋಡೆ ಮೇಲಿನ ಕ್ಯಾಲೆಂಡರ್ ಓದಿ ಹೇಳು ನೋಡೋಣ."

"ಬಲ್ಬ್ ಸರಿ ಇಲ್ಲ ಕಣೇ," ಅಂದ. ದನಿ ಚಿಕ್ಕ ಹುಡುಗನದ್ದು. ಫೋನ್ ಇಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಕ್ಲಿನಿಕ್ಕಿನ ರಿಸೆಪ್ಶನ್ ಅಕ್ಕನಿಗೆ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಹೌದು, ಎಲ್ಲವನ್ನೂ. ಆಕೆ ಒಂದೂ ಪ್ರಶ್ನೆ ಕೇಳದೆ "ಓಡ್ತೀನಿ" ಅಂದರು.

ನಾನೇ ಬರೋಣವೆಂದರೆ ರಜೆ ಚೀಟಿಗೆ ಪೋಷಕರ ಸಹಿ ಬೇಕು ಎನ್ನುತ್ತಾರೆ ವಾರ್ಡನ್. ಅಪ್ಪ ಅಮ್ಮ ಇಲ್ಲದವಳಿಗೆ ಪೋಷಕ ಅಂತ ಫೈಲಿನಲ್ಲಿ ಇರುವುದು ಅಣ್ಣನ ಸಹಿಯೊಂದೇ. "ಅವರೇ ಪೇಷೆಂಟ್ ಮೇಡಂ" ಅಂದೆ. "ಹಾಗಾದರೆ ಅವರಿಂದಲೇ ಬರೆಸಿಕೊಂಡು ಬಾ" ಅಂದರು. ನಗಬೇಕೋ ಅಳಬೇಕೋ.

ನಮಗೆ ಪಾಠ ಮಾಡುವ ಮೇಡಂ ಹೇಳಿದ್ದನ್ನು ಬರೆಯುತ್ತೇನೆ. ಸ್ಪಿರಿಟ್ ಕುಡಿದದ್ದನ್ನು ಡಾಕ್ಟರಿಗೆ ಮುಚ್ಚಿಡಲೇಬೇಡಿ. ಮನೆಯಲ್ಲಿ ಅಳೆದು ಕೊಡುವುದೂ ಬೇಡ, ಒಮ್ಮೆಲೇ ನಿಲ್ಲಿಸಿ ಕೂಡಿಹಾಕುವುದೂ ಬೇಡ, ಅದರಿಂದ ಫಿಟ್ಸ್ ಬರಬಹುದು. ಅದು ಆಸ್ಪತ್ರೆಯವರು ಮಾಡಬೇಕಾದ ಲೆಕ್ಕ. ಅರ್ಜಿ, ದೂರದ ಕೇಂದ್ರ, ಎರಡು ರೈಲು, ಯಾವುದಕ್ಕೂ ಈಗ ಟೈಮಿಲ್ಲ. ಹತ್ತಿರ ಇರುವುದು ದೊಡ್ಡಾಸ್ಪತ್ರೆ. ಬೆಂಚಿನ ಎದುರು ಯಾರಾದರೂ ಇರಲಿ.

ಒಳಗೆ ಫೋನ್ ಹೊಡೆದುಕೊಳ್ಳುತ್ತಿದೆ. ನನ್ನದಲ್ಲ, ಮೆಸ್ಸಿನವರದ್ದು.

*

ಸೆಪ್ಟೆಂಬರ್ 3

ಮರಿ,

ಗುರುವಾರ ಫೋನಿನಲ್ಲಿ "ಸೇರಿಸಿದ್ದೇವೆ, ಜೀವಕ್ಕೆ ಭಯವಿಲ್ಲ" ಎಂದಷ್ಟೇ ಹೇಳಿ ಇಟ್ಟೆ. ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ. ನನ್ನ ಮೇಲಾಣೆ ಎಂದಿದ್ದೆ ನಾನು. ಮುರಿಯದಿದ್ದರೆ ಏನಾಗುತ್ತಿತ್ತು ಎನ್ನುವುದು ಗೊತ್ತು, ಅದನ್ನು ಬರೆಸಬೇಡ.

ರಿಸೆಪ್ಶನ್ನಿನವಳು ನನ್ನನ್ನು ಬೀದಿಯಲ್ಲೇ ಹಿಡಿದಳು. ಲ್ಯಾಬಿಗೆ ಓಡಿ ಬಂದರೆ ನಿಮ್ಮಣ್ಣ ಸ್ಪಿರಿಟ್ ಕ್ಯಾನನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. "ಮುಚ್ಚಳ ಗಟ್ಟಿಯಾಗೇ ಇದೆ ನೋಡು," ಅಂದರು. ನಾನು ಗೆರೆ ಕಮ್ಮಿ ಮಾಡಿದಷ್ಟೂ ಇದನ್ನು ನೀರಿಗೆ ಬೆರೆಸಿಕೊಂಡಿದ್ದಾರೆ. ನಾನು ಅಳೆದೆ, ಅವರು ತುಂಬಿಸಿಕೊಂಡರು.

ನಾಲ್ಕು ದಿನ ಕೆಳಗಿನ ವಾರ್ಡಿನಲ್ಲಿ ಡ್ರಿಪ್ಪು, ರಕ್ತ ಪರೀಕ್ಷೆ. ಕಣ್ಣಿನ ಅಂಚಿನಲ್ಲಿ ಕಾಣುತ್ತದೆ, ನಡುವೆ ಮಂಜು. ನನ್ನ ಕಿವಿ ಕಾಣುತ್ತದಂತೆ, ಮುಖ ಕಾಣುವುದಿಲ್ಲವಂತೆ. ಅದನ್ನು ನನಗೆ ಹೇಳಿದ್ದು ನರ್ಸು. ಎಷ್ಟು ವಾಪಸ್ ಬರುತ್ತದೆ ಎಂದು ಈಗಲೇ ಹೇಳಲಾಗದಂತೆ.

ಸೋಮವಾರ ಡಾಕ್ಟರಿಗೆ ತೋರಿಸಿ ಬರಲು ವಾರ್ಡಿನಿಂದ ಮೂರನೇ ಮಹಡಿಗೆ ಕಳಿಸಿದರು, ನೀನು ಹೇಳಿದ ರೂಮಿಗೇ. ಆಸ್ಪತ್ರೆಯ ಪಟ್ಟೆ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಸೂಜಿ ಅಂಟಿಸಿಕೊಂಡು ಆ ಬೆಂಚಿನ ಮೇಲೆ ಕೂತರು. ಎದುರಿನ ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು.

"ಏನಯ್ಯಾ ನೀನಿಲ್ಲಿ?"

ನಿಮ್ಮಣ್ಣ ಟವೆಲ್ಲಿನಲ್ಲಿ ಕೈ ಮುಚ್ಚಿಕೊಂಡರು. "ಯಾರನ್ನೋ ನೋಡೋಕೆ ಬಂದಿದ್ದೆ ಸರ್. ನಿಮ್ಮ ಸೆಟ್ ಸಂಜೆ ನಾನೇ ತಂದುಕೊಡ್ತೀನಿ."

"ಆಸ್ಪತ್ರೆ ಬಟ್ಟೆ ಹಾಕ್ಕೊಂಡು ನೋಡೋಕೆ ಬಂದ್ಯಾ?"

ಬೆಂಚಿನ ತುದಿಯಲ್ಲಿದ್ದ ಮುದುಕನೊಬ್ಬ, "ಎಲ್ರೂ ಹಂಗೇ ಬರೋದು ಸರ್. ನಾನೂ ಮೊದಲ ಸಲ ಯಾರನ್ನೋ ನೋಡೋಕೇ ಬಂದಿದ್ದೆ. ಇನ್ನೂ ನೋಡ್ತಾನೇ ಇದೀನಿ," ಎಂದ. ಬೆಂಚೆಲ್ಲ ನಕ್ಕಿತು. ನಿಮ್ಮಣ್ಣ ಎದ್ದು ಮೆಟ್ಟಿಲ ಕಡೆಗೆ ಹೊರಟರು, ಗೋಡೆ ತಡವರಿಸಿಕೊಂಡು.

ಮೆಟ್ಟಿಲಿಳಿದರೆ ಇವರು ಮತ್ತೆ ಹತ್ತುವುದಿಲ್ಲ ಅನ್ನಿಸಿತು. ನನ್ನ ಬಾಯಿಂದ ಬಂದೇಬಿಟ್ಟಿತು, ಇಡೀ ಕಾರಿಡಾರಿಗೆ ಕೇಳುವ ಹಾಗೆ: "ಸರ್, ಇವರು ಈ ರೂಮಿಗೇ ಬಂದಿರೋದು. ಬೇಸಿಗೆ ಆದ್ಮೇಲೆ ನಿಮಗೆ ಬಂದ ಸೆಟ್ ಎಲ್ಲಾ ನಾನು ಮಾಡಿದ್ದು. ಇವರಿಗೆ ಹುಷಾರಿಲ್ಲ."

ಡಾಕ್ಟರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಆ ಮುದುಕಿ ಸೆಟ್ಟೂ ನೀವೇನಾ?"

"ಹೌದು ಸರ್."

"ಹಾಗಾದ್ರೆ ನಾಳೆಯಿಂದ ಕೇಸು ಯಾರಿಗೆ ಕಳಿಸ್ಲಿ?"

ಮೆಟ್ಟಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದ ನಿಮ್ಮಣ್ಣ ತಿರುಗದೆಯೇ ಹೇಳಿದರು: "ಅವಳಿಗೇ ಕಳಿಸಿ."

ಆಮೇಲೆ ಗೋಡೆ ಹಿಡಿದುಕೊಂಡೇ ವಾಪಸ್ ಬಂದು, ನನ್ನನ್ನು ದಾಟಿ, ಆ ರೂಮಿನೊಳಗೆ ಹೋದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಪಕ್ಕದ ಮಂಚದವನ ಜೊತೆ ಮಾತಾಡುತ್ತಾರೆ, ನರ್ಸನ್ನು ನಗಿಸುತ್ತಾರೆ. ನಾನು ಹೋದರೆ ಕಣ್ಣು ಮುಚ್ಚುತ್ತಾರೆ.

ಇನ್ನು ಬಹಳ ಕಾಲ ಸೋಮವಾರ, ಗುರುವಾರ ಆ ಬೆಂಚಿಗೆ ಬರಬೇಕಂತೆ. ನಿಮ್ಮಣ್ಣ ನರ್ಸಿಗೆ ಹೇಳಿದ್ದಾರೆ, "ನನ್ನನ್ನ ಎಲ್ಲಾದ್ರೂ ದೂರ ಹಾಕಿಬಿಡಿ, ಇಲ್ಲಿಗೆ ಮಾತ್ರ ಬರಲ್ಲ." ಈಗ ನಾನು ದೂರ ಬೇಡವೆನ್ನುತ್ತಿದ್ದೇನೆ, ಅವರು ದೂರವೇ ಬೇಕೆನ್ನುತ್ತಿದ್ದಾರೆ. ನೋಡು ವಿಚಿತ್ರ.

ನಿನಗೆ ಮಾತ್ರ ಹೇಳುತ್ತೇನೆ. ಮೊನ್ನೆ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬಳೇ ಮೇಣ ಕೆತ್ತುತ್ತಾ ಕೂತಿದ್ದೆ. ಇವರು ಗುಣವಾಗಿ ಬಂದರೆ ಈ ಕುರ್ಚಿ ಬಿಟ್ಟುಕೊಡಬೇಕಲ್ಲ ಎಂಬ ಯೋಚನೆ ಬಂತು. ಬಂದದ್ದು ಒಂದು ಗಳಿಗೆ. ಆದರೆ ಬಂತು.

ಹುಟ್ಟಿದಾಗಿನಿಂದ ಅವರನ್ನು ನೋಡಿದವಳು ನೀನು. "ಅವಳಿಗೇ ಕಳಿಸಿ" ಅಂದರಲ್ಲ, ಅದು ಸಿಟ್ಟಾ, ಏನು? ನನಗೆ ಬೆನ್ನು ಮಾತ್ರ ಕಂಡಿತು. ಅರ್ಜಿ ಬರೆಯುವುದಾದರೆ ಬರೆ, ಸಹಿ ಮಾಡಿಸುತ್ತೇನೆ. ಶನಿವಾರ ವಾರ್ಡಿನಿಂದ ಬಿಡುತ್ತಾರಂತೆ. ನಿರ್ಧಾರ ಅಷ್ಟರೊಳಗೆ ಆಗಬೇಕು.

ಅತ್ತಿಗೆ

*

ಸೆಪ್ಟೆಂಬರ್ 8

ಅಣ್ಣಾ,

ಈ ಕಾಗದ ನಿನಗೆ. ನಿನಗೆ ಅಕ್ಷರ ಕಾಣುವುದಿಲ್ಲ, ಆದ್ದರಿಂದ ಅತ್ತಿಗೆಯೇ ಓದಿ ಹೇಳಬೇಕು. ಪಕ್ಕದ ಮಂಚದವನಿಂದ ಓದಿಸುವ ಐಡಿಯಾ ಇದ್ದರೆ ಬಿಟ್ಟುಬಿಡು, ನನ್ನ ಕೈಬರಹ ಅವನಪ್ಪನಿಗೂ ಓದಲು ಬರುವುದಿಲ್ಲ. ಅತ್ತಿಗೆ, ನೀವೂ ಮಧ್ಯದಲ್ಲಿ ಸಾಲು ನುಂಗದೆ ಪೂರ್ತಿ ಓದಬೇಕು. ಜೋರಾಗಿ.

ಶನಿವಾರದೊಳಗೆ ಉತ್ತರ ಬೇಕೆಂದು ಅತ್ತಿಗೆ ಬರೆದ ಕಾಗದ ನನ್ನ ಕೈಸೇರಿದ್ದೇ ಶನಿವಾರ. ಭಾನುವಾರ ಫೋನ್ ಕೊಟ್ಟಾಗ ಮೊದಲು ವಾರ್ಡಿಗೇ ಮಾಡಿದೆ. ಸಿಸ್ಟರ್ ಹೇಳಿದರು, ನಿನ್ನ ಜ್ವರದಿಂದಾಗಿ ಬಿಡುವುದನ್ನು ಮುಂದಕ್ಕೆ ಹಾಕಿದ್ದಾರೆ, ವಾರದ ಕೊನೆಯವರೆಗೂ ಅಲ್ಲೇ ಇರುತ್ತೀಯ ಎಂದು. ನಿನಗೆ ಜ್ವರ ಬಂದದ್ದಕ್ಕೆ ಜೀವನದಲ್ಲಿ ಮೊದಲ ಸಲ ಖುಷಿಯಾಯಿತು, ಸಾರಿ. ಇದನ್ನು ಇವತ್ತೇ ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.

ದೂರದ ಕೇಂದ್ರಕ್ಕೆ ಅರ್ಜಿ ನಾನು ಬರೆಯುವುದಿಲ್ಲ. ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಆ ಜಾಗ ಕೆಟ್ಟದ್ದೂ ಅಲ್ಲ, ಅಲ್ಲಿಗೇ ಹೋಗಿ ಗೆದ್ದು ಬಂದವರೂ ಇದ್ದಾರೆ. ಆದರೆ ನಾನು ದೂರದಲ್ಲಿ ಬೆಳೆದವಳು ಅಣ್ಣಾ. ದೂರದಲ್ಲಿ ಇದ್ದರೆ ಏನು ಸುಲಭ ಎಂದು ನನಗೆ ಚೆನ್ನಾಗಿ ಗೊತ್ತು. ಭಾನುವಾರ ಅರ್ಧ ಗಂಟೆ "ಸೂಪರ್" ಎಂದುಬಿಟ್ಟರೆ ಸಾಕು, ಉಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ನೀನು ಟೀ ಲೋಟಕ್ಕೆ ಬಾಗಿದ್ದನ್ನು ಕಣ್ಣಾರೆ ನೋಡಿಯೂ ನಾನು ರಜೆ ಮುಗಿಸಿ ಬಸ್ಸು ಹತ್ತಿದೆ. ನಿನಗೂ ಅದೇ ಬೇಕಾ?

ಊರೆಲ್ಲ ನೋಡಿತು ಎನ್ನುತ್ತೀಯಂತೆ, ಸಿಸ್ಟರ್ ಹೇಳಿದರು. ನೋಡಿತು, ನಿಜ. ಇನ್ನು ಹೊಸದಾಗಿ ನೋಡಲು ಏನು ಉಳಿದಿದೆ? ಆ ಬೆಂಚಿನ ಮೇಲೆ ಕೂತವರಲ್ಲಿ ಯಾರಿಗೂ ನಿನ್ನ ಮೇಲೆ ಕಲ್ಲೆಸೆಯುವಷ್ಟು ಕೈ ಗಟ್ಟಿ ಇಲ್ಲ ಬಿಡು. (ಇಲ್ಲಿ ನಗಬಹುದು. ಅತ್ತಿಗೆ, ನಕ್ಕನಾ?)

ಈಗ ಕೇಳಬೇಕಾದದ್ದು ಕೇಳುತ್ತೇನೆ. "ಅವಳಿಗೇ ಕಳಿಸಿ" ಅಂದೆಯಂತೆ. ಅದರ ಅರ್ಥ ಅತ್ತಿಗೆ ನನ್ನನ್ನು ಕೇಳಿದ್ದಾರೆ. ನನಗೆ ಗೊತ್ತಿಲ್ಲ. ಒಂದು ಸಲ ಓದಿದರೆ ಸಿಟ್ಟು ಅನ್ನಿಸುತ್ತದೆ, ಇನ್ನೊಂದು ಸಲ ನಿನ್ನ ಕಡೆಯಿಂದ ಬಂದ ಮೆಚ್ಚುಗೆ ಅನ್ನಿಸುತ್ತದೆ. ನಾನು ಊಹೆ ಮಾಡಿ ಮಾಡಿ ಹೋದ ತಿಂಗಳು ತಪ್ಪೇ ಹೆಚ್ಚು ಊಹಿಸಿದ್ದೇನೆ. ಇನ್ನು ಮಾಡುವುದಿಲ್ಲ. ನಿನ್ನ ಮಾತಿನ ಅರ್ಥ ನೀನೇ ಹೇಳು, ನಿನ್ನ ಮಂಚದ ಪಕ್ಕ ಕೂತು ಇದನ್ನು ಓದುತ್ತಿರುವವರಿಗೆ.

ಅತ್ತಿಗೆಯೂ ನನಗೊಂದು ಮಾತು ಬರೆದಿದ್ದಾರೆ. ಅದೇನೆಂದು ನಾನು ಹೇಳುವುದಿಲ್ಲ, ಒಮ್ಮೆ ಆಣೆ ಮುರಿದದ್ದೇ ಸಾಕಾಗಿದೆ. ಅತ್ತಿಗೆ, ಅದನ್ನು ನೀವೇ ಅವನಿಗೆ ಹೇಳಬೇಕು. ಸುಲಭವಲ್ಲ, ಗೊತ್ತು. ಅವನು ಕಣ್ಣು ಮುಚ್ಚಿಕೊಂಡರೂ ಹೇಳಿ. ಕಿವಿ ಮುಚ್ಚಲು ಅವನಿಗೆ ಎರಡು ಕೈ ಬೇಕು, ಒಂದರಲ್ಲಿ ಸೂಜಿ ಇದೆ.

ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ನೀವಿಬ್ಬರೂ ನನಗೆ ಹೇಳುತ್ತಿದ್ದೀರಿ, ನರ್ಸಿಗೆ ಹೇಳುತ್ತಿದ್ದೀರಿ. ನಾನು ಇನ್ನೂ ಫಸ್ಟ್ ಇಯರ್. ನನ್ನಿಂದ ಇಷ್ಟೇ ಆಗುವುದು.

ಗುರುವಾರ ಮತ್ತೆ ಆ ರೂಮಿನ ದಿನ. ನೀನು ವಾರ್ಡಿನಲ್ಲೇ ಇರುವುದರಿಂದ ಮಹಡಿ ಹತ್ತಿದರೆ ಸಾಕು. ಮೆಟ್ಟಿಲು ಸರಿಯಾಗಿ ಕಾಣದಿದ್ದರೆ ಅತ್ತಿಗೆಯ ಭುಜ ಹಿಡಿದುಕೋ, ಮಾತಾಡದೇ ಇದ್ದರೂ ಹಿಡಿದುಕೊಳ್ಳಬಹುದು. ಹೋಗುತ್ತೀಯೋ ಇಲ್ಲವೋ ನನಗೆ ತಿಳಿಯಬೇಕು. ಉತ್ತರ ನೀನು ಹೇಳು, ಅತ್ತಿಗೆ ಬರೆದುಕೊಳ್ಳಲಿ. ಹೋಗಲ್ಲ ಎಂದರೂ ಅವರ ಕೈಯಲ್ಲೇ ಬರೆಸು.

ಬೇಗ ಉತ್ತರ ಬರೆಯಿರಿ, ಇಬ್ಬರೂ.

ಗುಂಡುಸೂಜಿ